ಒಂದೇ ಡ್ರಮ್ಮಿನ ಹದಿನಾಲ್ಕು ಬಾಟಲಿ: ಮನೆಯ ಶುಂಠಿ ಬಿಯರ್ ಕೆಟ್ಟ ಒಂದು ಪ್ರಕರಣದ ಅಧ್ಯಯನ

ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಚಿಕ್ಕಮ್ಮನ ಮನೆಯ ಉಗ್ರಾಣದಲ್ಲಿ ಏಪ್ರಿಲ್ ತಿಂಗಳ ಒಂದು ರಾತ್ರಿ, ಸುಮಾರು ಎರಡು ಗಂಟೆಯ ಹೊತ್ತಿಗೆ, ಶುಂಠಿ ಬಿಯರ್ ತುಂಬಿಟ್ಟಿದ್ದ ಗಾಜಿನ ಬಾಟಲಿಯೊಂದು ಸಿಡಿಯಿತು. ಅಕ್ಕಿ ಡಬ್ಬದ ಮೇಲೆ, ಹುಣಸೆಹಣ್ಣಿನ ಜಾಡಿಯ ಸುತ್ತ, ಬಾಗಿಲು ದಾಟಿ ನಡುಮನೆಯವರೆಗೂ ಗಾಜಿನ ಚೂರು ಹರಡಿತ್ತು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲವೆಂಬುದೊಂದೇ ಸಮಾಧಾನದ ಸಂಗತಿ. ಬೆಳಿಗ್ಗೆ ಫೋನ್ ಮಾಡಿದ ಚಿಕ್ಕಮ್ಮ ಬಾಟಲಿ ಒಡೆದ ಸುದ್ದಿಯ ಬೆನ್ನಿಗೇ ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. "ಹೆದರಿಕೊಂಡು ಇನ್ನೊಂದನ್ನ ತೆಗೆದು ನೋಡಿದ್ರೆ ಅದರಲ್ಲಿ ಗ್ಯಾಸೇ ಇಲ್ಲ ಕಣಪ್ಪ, ಸಪ್ಪೆ ಪಾನಕ ಇದ್ದ ಹಾಗಿದೆ. ಒಂದೇ ಡ್ರಮ್ಮಲ್ಲಿ ಮಾಡಿದ್ದು, ಒಂದೇ ದಿನ ತುಂಬಿದ್ದು. ಹೀಗೂ ಆಗತ್ತಾ?"

ಮನೆಯಲ್ಲಿ ಬಿಯರನ್ನೋ ಅದರ ಬಂಧುವಾದ ಇಂತಹ ಪಾನೀಯವನ್ನೋ ಹುದುಗಿಸುವವರು ಎದುರಿಸುವ ತೊಂದರೆಗಳಲ್ಲಿ ಎರಡು ಬಹಳ ಸಾಮಾನ್ಯ: ಗ್ಯಾಸ್ ಅತಿಯಾಗುವುದು ಮತ್ತು ಗ್ಯಾಸ್ ಬಾರದಿರುವುದು. ಸಾಧಾರಣವಾಗಿ ಒಂದು ಸಲದ ತಯಾರಿಕೆಯಲ್ಲಿ ಇವೆರಡರಲ್ಲಿ ಒಂದು ಮಾತ್ರ ಕಾಣಿಸಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಕಾಣಿಸಿದ ಈ ಪ್ರಕರಣವನ್ನು ವಿವರವಾಗಿ ದಾಖಲಿಸುತ್ತಿರುವುದಕ್ಕೆ ಕಾರಣವಿದೆ. ನಾನು ಮೊದಲು ಊಹಿಸಿದ ಕಾರಣ ತಪ್ಪಾಗಿತ್ತು, ಎರಡನೆಯದು ಅರ್ಧ ಮಾತ್ರ ಸರಿಯಾಗಿತ್ತು, ಮತ್ತು ನಿಜವಾದ ಮೂಲವು ಸಾಮಗ್ರಿಯಲ್ಲಾಗಲಿ ಶುಚಿತ್ವದಲ್ಲಾಗಲಿ ಇರದೆ, ಎರಡು ಬೇರೆ ಬೇರೆ ವಿಧಾನಗಳ ನಿಯಮಗಳನ್ನು ಅರಿಯದೆ ಒಂದರ ಮೇಲೊಂದು ಹೇರಿದ್ದರಲ್ಲಿತ್ತು.

ಹಿನ್ನೆಲೆ

ಶುಂಠಿ ಬಿಯರ್ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆಮನೆಗಳಲ್ಲಿ ಬಳಕೆಗೆ ಬಂದ ಪಾನೀಯ. ಅದರ ಹೆಪ್ಪಿನಲ್ಲಿ ಯೀಸ್ಟ್ (ಸಕ್ಕರೆಯನ್ನು ತಿಂದು ಗ್ಯಾಸ್ ಮತ್ತು ಆಲ್ಕೋಹಾಲ್ ಹುಟ್ಟಿಸುವ ಸೂಕ್ಷ್ಮಜೀವಿ) ಮತ್ತು ಬ್ಯಾಕ್ಟೀರಿಯ ಎರಡೂ ಕೂಡಿ ಬಾಳುತ್ತವೆ ಎಂಬುದನ್ನು 1892ರಲ್ಲಿ ವಿವರಿಸಿದವರು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ. ಅದಕ್ಕೆ ಹತ್ತು ವರ್ಷ ಮೊದಲು ಸಿಲೋನಿನ ಕಾಫಿ ತೋಟಗಳನ್ನು ಹಾಳುಗೆಡವಿದ ಎಲೆ ತುಕ್ಕು ರೋಗವನ್ನು ಅಧ್ಯಯನ ಮಾಡಿದವರೂ ಇವರೇ ಎಂಬುದನ್ನು ಕಾಫಿ ಬೆಳೆಯುವ ನಾಡಿನವರು ನೆನೆಯಬಹುದು. ನಮ್ಮ ಮನೆಗಳಲ್ಲಿ ಈಗ ಮಾಡುವ ವಿಧಾನ ಇನ್ನೂ ಸರಳ. ತುರಿದ ಹಸಿ ಶುಂಠಿ, ಬೆಲ್ಲ ಮತ್ತು ನೀರನ್ನು ಜಾಡಿಯಲ್ಲಿಟ್ಟು, ದಿನಕ್ಕೆ ಒಂದೊಂದು ಚಮಚ ಶುಂಠಿ, ಬೆಲ್ಲ ಹಾಕುತ್ತ ಹೋದರೆ ಶುಂಠಿಯ ಸಿಪ್ಪೆಯ ಮೇಲಿರುವ ಯೀಸ್ಟ್ ನಾಲ್ಕೈದು ದಿನಗಳಲ್ಲಿ ನೊರೆಯೆಬ್ಬಿಸುತ್ತದೆ. ಚಿಕ್ಕಮ್ಮ ಇದನ್ನು "ಶುಂಠಿ ಹೆಪ್ಪು" ಎನ್ನುತ್ತಾರೆ.

ಅವರಿಗೆ ಅರವತ್ತೆರಡು ವರ್ಷ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅವರ ಕೈ ಪಳಗಿದ್ದು, ಅಳತೆ ತಪ್ಪುವವರಲ್ಲ. ಈ ಸಲದ ತಯಾರಿಗೆ ಅವರು ಬಳಸಿದ್ದು 12 ಲೀಟರ್ ನೀರು, ಹುಣಸೂರಿನ ಕಡೆಯಿಂದ ಬಂದ 600 ಗ್ರಾಂ ಶುಂಠಿ, ಮಂಡ್ಯದ ಹತ್ತಿರದ ಆಲೆಮನೆಯಿಂದ ನಾನೇ ತಂದುಕೊಟ್ಟ 900 ಗ್ರಾಂ ಬೆಲ್ಲ, ಹತ್ತು ನಿಂಬೆಹಣ್ಣು ಮತ್ತು ಎರಡು ಲೋಟ ಹೆಪ್ಪು. ನೀರು, ಬೆಲ್ಲ ಮತ್ತು ಜಜ್ಜಿದ ಶುಂಠಿಯನ್ನು ಒಟ್ಟಿಗೆ ಕುದಿಸಿ, ಆರಿಸಿ, ನಲ್ಲಿಯಿರುವ ಸ್ಟೀಲ್ ಡ್ರಮ್ಮಿಗೆ ಸೋಸಿ ಹಾಕಿ, ಹೆಪ್ಪು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ನಾಲ್ಕು ದಿನ ಬಿಟ್ಟಿದ್ದರು. ಐದನೆಯ ದಿನ ಇನ್ನೂ 150 ಗ್ರಾಂ ಬೆಲ್ಲದ ಪಾಕ ಮಾಡಿ, ಅದು ಆರಿದ ಮೇಲೆ ಡ್ರಮ್ಮಿಗೆ ಸುರಿದು, ಕೆಳಗಿನ ನಲ್ಲಿಯಿಂದ 750 ಮಿಲಿಲೀಟರಿನ ಹದಿನಾಲ್ಕು ಬಾಟಲಿಗಳಿಗೆ ತುಂಬಿದ್ದರು. ಹಿಂದಿನ ಸಲಗಳಲ್ಲಿ ಈ ಪಾಕದ ಹಂತ ಇರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ಬಾರ್ಲಿ ಬಿಯರ್ ಮಾಡುವ ವಿಡಿಯೊಗಳನ್ನು ನೋಡಿ, "ಬಾಟಲಿಗೆ ತುಂಬೋ ಮುಂಚೆ ಸ್ವಲ್ಪ ಸಕ್ಕರೆ ಹಾಕಬೇಕಮ್ಮ, ಆಗಲೇ ಗ್ಯಾಸ್ ಬರೋದು. ಆದ್ರೆ ಕಲಕಬೇಡ, ಗಾಳಿ ಸೇರಿದರೆ ಕೆಡತ್ತೆ" ಎಂದು ಹೇಳಿದ್ದ. ತಾಯಿ ಮಗನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಪರಿಶೀಲನೆಗೆ ಬಹಳ ನೆರವಾದದ್ದು ಚಿಕ್ಕಮ್ಮನ ಒಂದು ಅಭ್ಯಾಸ. ಉಪ್ಪಿನಕಾಯಿ ಜಾಡಿಗಳಿಗೆ ಮಾಡುವಂತೆಯೇ ಅವರು ಪ್ರತಿ ಬಾಟಲಿಗೂ ತುಂಬಿದ ಕ್ರಮದಲ್ಲಿ ಒಂದರಿಂದ ಹದಿನಾಲ್ಕರವರೆಗೆ ಚೀಟಿ ಅಂಟಿಸಿದ್ದರು. ಒಂದು ಮತ್ತು ಎರಡನೆಯವು ಸೋಡಾದ ಪ್ಲಾಸ್ಟಿಕ್ ಬಾಟಲಿಗಳು, ಮೂರು ಮತ್ತು ನಾಲ್ಕನೆಯವು ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ಚೌಕಾಕಾರದ ಗಾಜಿನ ಕ್ಲಿಪ್ ಬಾಟಲಿಗಳು, ಐದರಿಂದ ಹತ್ತರವರೆಗೆ ಮತ್ತೆ ಪ್ಲಾಸ್ಟಿಕ್, ಹನ್ನೊಂದರಿಂದ ಹದಿನಾಲ್ಕರವರೆಗೆ ಹಳೆಯ ಗಾಜಿನ ಕ್ಲಿಪ್ ಬಾಟಲಿಗಳು. ಸಿಡಿದದ್ದು ಮೂರನೆಯದು, ಚಿಕ್ಕಮ್ಮ ತೆರೆದು ನೋಡಿದ ಸಪ್ಪೆಯದು ಹದಿನಾಲ್ಕನೆಯದು.

ಮೊದಲ ಕೆಲಸ

ಕಾರಣ ಹುಡುಕುವುದಕ್ಕೆ ಮೊದಲು ಉಳಿದ ಬಾಟಲಿಗಳಿಂದ ಯಾರಿಗೂ ಗಾಯವಾಗದಂತೆ ನೋಡಿಕೊಳ್ಳಬೇಕಿತ್ತು. ಉಗ್ರಾಣದ ಬಾಗಿಲು ಹಾಕಿ, ಯಾರೂ ಒಳಗೆ ಹೋಗಬೇಡಿ, ಇನ್ನೊಂದು ಬಾಟಲಿಯನ್ನು ಮುಟ್ಟಲೂ ಬೇಡಿ ಎಂದು ಫೋನಿನಲ್ಲೇ ಹೇಳಿ, ಮಂಡ್ಯದಿಂದ ಹೊರಟು ಹತ್ತೂವರೆಗೆ ಮೈಸೂರು ಸೇರಿದೆ. ಉಗ್ರಾಣದಲ್ಲಿ ಉಷ್ಣಮಾಪಕ 31 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು 32ಕ್ಕೆ ಏರಿತು.

ಒಳಗಿನ ಒತ್ತಡಕ್ಕೂ ಹೊರಗಿನ ಸೆಕೆಗೂ ಇರುವ ನಂಟನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಬಾಟಲಿಯನ್ನು ತಂಪು ಮಾಡುವುದು ರುಚಿಯ ಪ್ರಶ್ನೆಯಷ್ಟೇ ಎಂದು ಹಲವರು ತಿಳಿದಿದ್ದಾರೆ. ಇಂಗಾಲದ ಡೈಆಕ್ಸೈಡ್ ತಣ್ಣನೆಯ ನೀರಿನಲ್ಲಿ ಹೆಚ್ಚು, ಬಿಸಿಯಾದ ನೀರಿನಲ್ಲಿ ಕಡಿಮೆ ಕರಗುತ್ತದೆ. ಒಂದು ಲೀಟರ್ ಪಾನೀಯದಲ್ಲಿ ಸುಮಾರು ನಾಲ್ಕು ಲೀಟರಿನಷ್ಟು ಅನಿಲ ಉತ್ಪತ್ತಿಯಾಗಿ ಉಳಿದಿದೆ ಎಂದಿಟ್ಟುಕೊಂಡರೆ, 4 ಡಿಗ್ರಿಯ ಫ್ರಿಜ್‌ನಲ್ಲಿ ಆ ಬಾಟಲಿಯ ಗೋಡೆ ತಡೆಯಬೇಕಾದ ಒತ್ತಡ ವಾತಾವರಣದ ಒತ್ತಡದ ಸುಮಾರು 1.7 ಪಟ್ಟು. ಅದೇ ಬಾಟಲಿ 32 ಡಿಗ್ರಿಯ ಉಗ್ರಾಣದಲ್ಲಿದ್ದರೆ ಅದು ಐದು ಪಟ್ಟನ್ನು ದಾಟುತ್ತದೆ, ಅಂದರೆ ಕಾರಿನ ಟೈರಿನೊಳಗಿನ ಒತ್ತಡದ ಎರಡು ಪಟ್ಟಿಗಿಂತ ಹೆಚ್ಚು. ಸೋಡಾದ ಪ್ಲಾಸ್ಟಿಕ್ ಬಾಟಲಿ ಇಂತಹ ಒತ್ತಡಕ್ಕೆಂದೇ ತಯಾರಾದದ್ದು. ಚೌಕಾಕಾರದ ಗಾಜಿನ ಬಾಟಲಿ ನೀರಿಗೋ ಎಣ್ಣೆಗೋ ಇರುವಂಥದ್ದು, ಮತ್ತು ಅದರ ಚಪ್ಪಟೆ ಗೋಡೆಗಳು ದುಂಡು ಬಾಟಲಿಯ ಗೋಡೆಯಂತೆ ಒತ್ತಡವನ್ನು ಸಮನಾಗಿ ಹಂಚಿಕೊಳ್ಳಲಾರವು.

ಆದ್ದರಿಂದ ನಾಲ್ಕನೆಯ ಬಾಟಲಿಯೇ ಅತ್ಯಂತ ಅಪಾಯದ್ದಾಗಿತ್ತು. ಸ್ಕೂಟರಿನ ಹೆಲ್ಮೆಟ್ ಹಾಕಿ, ಮುಖದ ಗಾಜನ್ನು ಇಳಿಸಿ, ದಪ್ಪ ಜಾಕೆಟ್ ಮತ್ತು ಕೈಗವಸು ತೊಟ್ಟು, ಬಾಟಲಿಯನ್ನು ಎತ್ತದೆ ಇದ್ದಲ್ಲಿಯೇ ಅದರ ಮೇಲೆ ನೆನೆಸಿದ ಗೋಣಿಚೀಲಗಳನ್ನು ಎರಡು ಪದರವಾಗಿ ಹೊದಿಸಿ ಫ್ಯಾನ್ ಹಾಕಿದೆವು. ಬೆಚ್ಚಗಿರುವ ಗಾಜಿಗೆ ಏಕಾಏಕಿ ಮಂಜುಗಡ್ಡೆ ತಾಗಿಸಿದರೆ ಆ ಹೊಡೆತಕ್ಕೇ ಅದು ಸೀಳಬಹುದು. ಹಾಗಾಗಿ ಮಂಜುಗಡ್ಡೆಯ ಚೀಲಗಳನ್ನು ಗೋಣಿಯ ಹೊರಗೆ ಜೋಡಿಸಿದ್ದು ಮೂರು ಗಂಟೆ ಕಳೆದ ಮೇಲೆ. ಸಂಜೆಯ ಹೊತ್ತಿಗೆ ಅದನ್ನು ಗೋಣಿಯ ಸಮೇತ ಬಕೆಟ್ಟಿನಲ್ಲಿಟ್ಟು, ಗೋಣಿಯ ಮೇಲಿನಿಂದಲೇ ಕ್ಲಿಪ್ಪನ್ನು ಸಡಿಲಿಸಿದಾಗ ಅಷ್ಟು ತಣ್ಣಗಾಗಿದ್ದರೂ ಅರ್ಧಕ್ಕಿಂತ ಹೆಚ್ಚು ಪಾನೀಯ ನೊರೆಯಾಗಿ ಬಕೆಟ್ಟಿಗೆ ಉಕ್ಕಿ ಹರಿಯಿತು.

ಅಳತೆ

ನನ್ನ ಮೊದಲ ಅನುಮಾನ ಕಾಡು ಯೀಸ್ಟಿನ ಸೋಂಕಿನ ಮೇಲೆ ಹೋಗಿತ್ತು. ಕೆಲವು ಬಾಟಲಿಗಳಲ್ಲಿ ಸರಿಯಾಗಿ ತೊಳೆಯದೆ ಉಳಿದ ಹಳೆಯ ಗಸಿಯಲ್ಲಿ ಬಲವಾದ ಯೀಸ್ಟ್ ಇದ್ದು, ಸಾಮಾನ್ಯ ಯೀಸ್ಟ್ ಮುಟ್ಟದ ಸಕ್ಕರೆಯನ್ನೂ ತಿಂದು ಅತಿಯಾಗಿ ಗ್ಯಾಸ್ ಮಾಡುವುದು ಬಾರ್ಲಿ ಬಿಯರಿನಲ್ಲಿ ಕಂಡುಬರುವ ತೊಂದರೆ. ಬಾಟಲಿ ಒಡೆದಾಗ ಅನುಭವಿಗಳ ಮನಸ್ಸು ಮೊದಲು ಅತ್ತ ಓಡುತ್ತದೆ. ಆದರೆ ಅನುಮಾನವನ್ನು ಪರೀಕ್ಷಿಸುವ ಉಪಕರಣ ಕೈಯಲ್ಲಿರುವಾಗ ಅನುಮಾನದ ಮೇಲೆಯೇ ನಡೆಯುವುದು ಸರಿಯಲ್ಲ. ಆ ಉಪಕರಣ ಹೈಡ್ರೋಮೀಟರ್. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನು ತೋರಿಸುವಂತೆಯೇ ಇದು ಸಕ್ಕರೆ ನೀರಿನ ಸಾಂದ್ರತೆಯನ್ನು ತೋರಿಸುತ್ತದೆ. ಶುದ್ಧ ನೀರಿನಲ್ಲಿ ಓದು 1.000. ಸಕ್ಕರೆ ಹೆಚ್ಚಿದಂತೆ ಓದು ಏರುತ್ತದೆ, ಯೀಸ್ಟ್ ಸಕ್ಕರೆಯನ್ನು ತಿಂದಂತೆ ಇಳಿಯುತ್ತದೆ. ಸಾವಿರದ ಒಂದು ಭಾಗವನ್ನು ಒಂದು ಅಂಕವೆಂದು ಕರೆದರೆ, ಹುದುಗುವಾಗ ಒಂದು ಅಂಕ ಇಳಿಯಲು ಲೀಟರಿಗೆ ಸುಮಾರು 2 ಗ್ರಾಂ ಸಕ್ಕರೆ ಖರ್ಚಾಗುತ್ತದೆ. ಅದರಿಂದ ಶೇಕಡ 0.13ರಷ್ಟು ಆಲ್ಕೋಹಾಲೂ ಲೀಟರಿಗೆ ಸುಮಾರು ಅರ್ಧ ಲೀಟರ್ ಅನಿಲವೂ ಹುಟ್ಟುತ್ತವೆ.

ಗುಳ್ಳೆಗಳಿರುವ ಪಾನೀಯದಲ್ಲಿ ಹೈಡ್ರೋಮೀಟರ್ ಸುಳ್ಳು ಹೇಳುತ್ತದೆ. ಗುಳ್ಳೆಗಳು ಅದರ ಮೈಗಂಟಿ ಮೇಲಕ್ಕೆತ್ತುವುದರಿಂದ ಓದು ಹೆಚ್ಚಾಗಿ ಕಾಣಿಸುತ್ತದೆ. ಚಿಕ್ಕಮ್ಮ ಪ್ರತಿ ಮಾದರಿಯನ್ನೂ ಕಾಫಿ ಆರಿಸುವಂತೆ ಎರಡು ಲೋಟಗಳ ನಡುವೆ ಕೈಯೆತ್ತಿ ಇಪ್ಪತ್ತು ಮೂವತ್ತು ಸಲ ಸುರಿದು, ಗುಳ್ಳೆ ಪೂರ್ತಿ ನಿಂತ ಮೇಲೆ ಕೊಟ್ಟರು. ಉಷ್ಣತೆಗೆ ತಕ್ಕ ತಿದ್ದುಪಡಿ ಮಾಡಿ ಬರೆದುಕೊಂಡ ಓದುಗಳು ಹೀಗಿದ್ದವು. ಎರಡನೆಯ ಬಾಟಲಿಯಲ್ಲಿ 1.018, ನಾಲ್ಕನೆಯದರಲ್ಲಿ 1.017, ಏಳನೆಯದರಲ್ಲಿ 1.012, ಹದಿಮೂರನೆಯದರಲ್ಲಿ 1.010.

ಇದಲ್ಲದೆ ಇನ್ನೊಂದು ಮಾದರಿ ಅದೃಷ್ಟವಶಾತ್ ದೊರೆಯಿತು. ಪಾಕ ಸುರಿಯುವ ಮೊದಲು ಚಿಕ್ಕಮ್ಮ ಮುಂದಿನ ಸಲದ ಹೆಪ್ಪಿಗೆಂದು ಡ್ರಮ್ಮಿನಿಂದ ಒಂದು ದೊಡ್ಡ ಲೋಟ ತೆಗೆದು ಫ್ರಿಜ್‌ನಲ್ಲಿಟ್ಟಿದ್ದರು. ಅದರ ಓದು 1.014. ಅದೇ ಬೆಲ್ಲದಿಂದ ಲೀಟರಿಗೆ 75 ಗ್ರಾಂ ಲೆಕ್ಕದಲ್ಲಿ ಹೊಸದಾಗಿ ಕಲಸಿ ನೋಡಿದಾಗ 1.027 ಬಂದದ್ದರಿಂದ, ಆರಂಭದ ಓದು ಏನಿದ್ದಿರಬೇಕೆಂಬುದೂ ತಿಳಿಯಿತು.

ಈ ಅಂಕಿಗಳ ಎದುರು ಕುಳಿತಾಗ ನನ್ನ ಮೊದಲ ಅನುಮಾನ ನಿಲ್ಲಲಿಲ್ಲ. ಕಲ್ಲಿನಂತೆ ಗಟ್ಟಿಯಾಗಿದ್ದ ಎರಡನೆಯ ಬಾಟಲಿಯಲ್ಲಿ ಬಲವಾದ ಯೀಸ್ಟ್ ಹೆಚ್ಚು ಸಕ್ಕರೆ ತಿಂದಿದ್ದರೆ ಅಲ್ಲಿ ಉಳಿದ ಸಕ್ಕರೆ ಬೇರೆ ಬಾಟಲಿಗಳಿಗಿಂತ ಕಡಿಮೆಯಿರಬೇಕಿತ್ತು. ಇಲ್ಲಿ ಅದಕ್ಕೆ ತದ್ವಿರುದ್ಧವಾಗಿ, ಹೆಚ್ಚು ಗ್ಯಾಸ್ ಮಾಡಿದ ಬಾಟಲಿಯಲ್ಲೇ ಹೆಚ್ಚು ಸಕ್ಕರೆಯೂ ಉಳಿದಿತ್ತು. ಸೋಂಕು, ಉಷ್ಣತೆಯ ವ್ಯತ್ಯಾಸ, ಯೀಸ್ಟಿನ ಗಸಿ ಕೆಲವು ಬಾಟಲಿಗಳಿಗೆ ಹೆಚ್ಚಾಗಿ ಹೋದದ್ದು, ಇವು ಯಾವುವೂ ಇದನ್ನು ವಿವರಿಸಲಾರವು. ಮೊದಲ ಬಾಟಲಿಗಳಿಗೆ ತುಂಬುವಾಗಲೇ ಹೆಚ್ಚು ಸಕ್ಕರೆ ಸೇರಿತ್ತು ಎಂಬುದೊಂದೇ ಉಳಿಯುವ ವಿವರಣೆ. ಚಮಚದ ತುದಿಯಲ್ಲಿ ರುಚಿ ನೋಡಿದಾಗಲೂ ಎರಡನೆಯದು ಸ್ಪಷ್ಟವಾಗಿ ಹೆಚ್ಚು ಸಿಹಿಯಾಗಿತ್ತು.

ಅದು ಹೇಗೆ ಸೇರಿತೆಂಬುದನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ತೋರಿಸಲು ಸಾಧ್ಯವಾಯಿತು. ಉದ್ದನೆಯ ಗಾಜಿನ ಲೋಟದಲ್ಲಿ ನೀರು ತುಂಬಿ, ಅದಕ್ಕೆ ಆರಿದ ಬೆಲ್ಲದ ಪಾಕವನ್ನು ಚಮಚದಿಂದ ಮೆಲ್ಲಗೆ ಬಿಟ್ಟೆವು. ಪಾಕ ಕಂದು ಎಳೆಯಾಗಿ ನೇರ ಕೆಳಗಿಳಿದು, ತಳದಲ್ಲಿ ಎರಡು ಬೆರಳಿನಷ್ಟು ದಪ್ಪ ಪದರವಾಗಿ ಕುಳಿತಿತು. ಮೇಲಿನ ನೀರು ತಿಳಿಯಾಗಿಯೇ ಉಳಿಯಿತು. ಕಾಲು ಗಂಟೆ ಕಳೆದರೂ ಆ ಪದರದ ಅಂಚು ಮಸುಕಾದದ್ದು ಬಿಟ್ಟರೆ ಬೇರೇನೂ ಬದಲಾಗಲಿಲ್ಲ. ಚಿಕ್ಕಮ್ಮ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಅಯ್ಯೋ, ನಲ್ಲಿ ಇರೋದೇ ಆ ಮಟ್ಟದಲ್ಲಲ್ವಾ" ಎಂದರು. ಕಲಕಬಾರದೆಂಬ ನಿಯಮವನ್ನು ಪಾಲಿಸಿದ್ದರಿಂದ ಡ್ರಮ್ಮಿನ ತಳದಲ್ಲಿ ಕುಳಿತ ಪಾಕದ ಬಹುಪಾಲು ಮೊದಲ ನಾಲ್ಕು ಬಾಟಲಿಗಳಿಗೆ ಇಳಿದಿತ್ತು. ಎರಡನೆಯ ಬಾಟಲಿ ಹದಿಮೂರನೆಯದರಷ್ಟೇ ಹುದುಗಿದೆ ಎಂದು ಕಡಿಮೆ ಲೆಕ್ಕ ಹಿಡಿದರೂ, ಅದಕ್ಕೆ ಲೀಟರಿಗೆ 20 ಗ್ರಾಂಗಿಂತ ಹೆಚ್ಚು ಬೆಲ್ಲ ಸೇರಿರಬೇಕು. ಸಮನಾಗಿ ಹಂಚಿದ್ದರೆ ಸೇರಬೇಕಾದದ್ದು ಸುಮಾರು 12 ಗ್ರಾಂ.

ಬಿಯರಿನಲ್ಲಿ ಗಾಳಿ ಸೇರಬಾರದೆಂಬುದು ನಿಜವೇ. ಆದರೆ ಗಾಳಿ ಸೇರದಂತೆ ಕಲಕುವುದು ಸಾಧ್ಯ. ತೊಳೆದ ಉದ್ದ ಸೌಟನ್ನು ತಳದವರೆಗೆ ಇಳಿಸಿ, ಮೇಲ್ಮೈಯಲ್ಲಿ ಸುಳಿ ಏಳದಂತೆ ನಿಧಾನವಾಗಿ ತಿರುಗಿಸಿದರೆ ಸಾಕು. ಇಲ್ಲವೆ ಪಾಕವನ್ನು ಖಾಲಿ ಪಾತ್ರೆಗೆ ಮೊದಲೇ ಹಾಕಿ, ಅದರ ಮೇಲೆ ಪಾನೀಯವನ್ನು ನಳಿಕೆಯಿಂದ ಶಬ್ದವಾಗದಂತೆ ಇಳಿಸಬೇಕು. ಪಾನೀಯ ತುಂಬುತ್ತಾ ಹೋದಂತೆ ಪಾಕ ತಾನಾಗಿ ಬೆರೆಯುತ್ತದೆ.

ಸಪ್ಪೆ ಬಾಟಲಿಗಳ ಪ್ರಶ್ನೆ

ಇಲ್ಲಿಗೆ ಪ್ರಕರಣ ಮುಗಿಯಿತೆಂದು ನನಗೂ ಅನ್ನಿಸಿತ್ತು. ಮೊದಲ ಬಾಟಲಿಗಳಿಗೆ ಸಕ್ಕರೆ ಹೆಚ್ಚಾದದ್ದರಿಂದ ಸಿಡಿತ, ಕೊನೆಯವುಗಳಿಗೆ ಕಡಿಮೆಯಾದದ್ದರಿಂದ ಸಪ್ಪೆ: ಒಂದೇ ಕಾರಣ ಎರಡೂ ತುದಿಗಳನ್ನು ವಿವರಿಸುವಂತಿತ್ತು. ಆದರೆ ಹದಿಮೂರನೆಯ ಬಾಟಲಿಯ ಓದು ಅದನ್ನು ಒಪ್ಪುತ್ತಿರಲಿಲ್ಲ. ಪಾಕ ಸೇರುವ ಮೊದಲೇ ಡ್ರಮ್ಮಿನಲ್ಲಿ 1.014 ಇದ್ದದ್ದು ಈ ಬಾಟಲಿಯಲ್ಲಿ 1.010ಕ್ಕೆ ಇಳಿದಿತ್ತು. ಅಂದರೆ ಪಾಕದ ಒಂದು ಹನಿಯೂ ಸೇರದಿದ್ದರೂ ಕನಿಷ್ಠ ನಾಲ್ಕು ಅಂಕದಷ್ಟು ಹುದುಗುವಿಕೆ ಬಾಟಲಿಯೊಳಗೇ ನಡೆದಿದ್ದು, ಲೀಟರಿಗೆ ಎರಡು ಲೀಟರಿನಷ್ಟು ಅನಿಲ ಅಲ್ಲಿ ಹುಟ್ಟಿರಲೇಬೇಕು. ಅಷ್ಟು ಅನಿಲವಿದ್ದರೆ ಪಾನೀಯ ಹದವಾಗಿ ಗುಳ್ಳೆಯೇಳಬೇಕೇ ಹೊರತು ಸಪ್ಪೆಯಾಗಿರಲು ಸಾಧ್ಯವಿಲ್ಲ. ಹುಟ್ಟಿದ ಅನಿಲ ಎಲ್ಲಿಗೋ ಹೋಗಿತ್ತು.

ಹನ್ನೊಂದರಿಂದ ಹದಿನಾಲ್ಕರವರೆಗಿನ ಬಾಟಲಿಗಳ ಮುಚ್ಚಳಗಳನ್ನು ನೋಡಿದಾಗ ಉತ್ತರ ಸಿಕ್ಕಿತು. ಕ್ಲಿಪ್ ಬಾಟಲಿಯ ಮುಚ್ಚಳಕ್ಕೆ ರಬ್ಬರಿನ ವಾಷರ್ ಇರುತ್ತದೆ. ಆ ತಿಂಗಳು ಕೊಂಡಿದ್ದ ಹೊಸ ವಾಷರ್‌ಗಳಲ್ಲಿ ಎರಡೇ ಉಳಿದಿದ್ದು, ಅವು ಮೂರು ಮತ್ತು ನಾಲ್ಕನೆಯ ಬಾಟಲಿಗಳಿಗೆ ಹೋಗಿದ್ದವು. ಕೊನೆಯ ನಾಲ್ಕಕ್ಕೆ ಹಲವು ವರ್ಷಗಳ ಹಳೆಯ ವಾಷರ್‌ಗಳೇ ಗತಿಯಾಗಿದ್ದವು. ಹೊಸದನ್ನು ಉಗುರಿನಿಂದ ಒತ್ತಿದರೆ ಕುಳಿಬಿದ್ದು ಮತ್ತೆ ಮೇಲೇಳುತ್ತದೆ. ಹಳೆಯದು ಒಣಗಿದ ಹುಣಸೆ ಬೀಜದಂತೆ ಗಟ್ಟಿಯಾಗಿದ್ದು, ಅಂಚಿನಲ್ಲಿ ಕೂದಲೆಳೆಯ ಬಿರುಕುಗಳಿದ್ದವು. ಖಾಲಿ ಮಾಡಿದ ಹದಿಮೂರನೆಯ ಬಾಟಲಿಗೆ ಸ್ವಲ್ಪ ನೀರು, ಚಿಟಿಕೆ ಅಡುಗೆ ಸೋಡಾ ಮತ್ತು ಕೆಲವು ಹನಿ ನಿಂಬೆರಸ ಹಾಕಿ, ಕ್ಲಿಪ್ ಒತ್ತಿ ಬಕೆಟ್ ನೀರಿನಲ್ಲಿ ಮುಳುಗಿಸಿದಾಗ ಕುತ್ತಿಗೆಯ ಒಂದೇ ಜಾಗದಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಸಾಲು ಬಿಡದೆ ಮೇಲಕ್ಕೆ ಬಂತು. ಹದಿನಾಲ್ಕನೆಯ ಬಾಟಲಿಯಲ್ಲೂ ಇದೇ ಕಂಡಿತು.

ಕೆಟ್ಟ ವಾಷರ್‌ಗಳು ಈ ಸಲ ಒಂದು ರೀತಿಯಲ್ಲಿ ಉಪಕಾರವನ್ನೇ ಮಾಡಿದ್ದವು ಎನ್ನಬೇಕು. 1.010 ಎಂದರೆ ಇನ್ನೂ ಸಾಕಷ್ಟು ಸಕ್ಕರೆ ಉಳಿದಿದೆ. ಆ ನಾಲ್ಕು ಬಾಟಲಿಗಳ ಮುಚ್ಚಳವೂ ಬಿಗಿಯಾಗಿದ್ದಿದ್ದರೆ ಇನ್ನೊಂದು ವಾರದಲ್ಲಿ ಅವೂ ಸಿಡಿಯುವ ಹಂತಕ್ಕೆ ಬರುತ್ತಿದ್ದವು.

ಹನ್ನೆರಡನೆಯ ಬಾಟಲಿಯಲ್ಲಿ ಮಾತ್ರ ಇನ್ನೊಂದು ದೋಷ ಕಂಡಿತು. ಅದನ್ನು ಸುರಿದಾಗ ಪಾನೀಯ ತೆಳು ಗಂಜಿಯಂತೆ ಎಳೆಯಾಗಿ ಇಳಿಯಿತು. ಸಕ್ಕರೆಯಿಂದ ಲೋಳೆಯನ್ನು ತಯಾರಿಸುವ ಲ್ಯೂಕೋನಾಸ್ಟಾಕ್ ಜಾತಿಯ ಬ್ಯಾಕ್ಟೀರಿಯಗಳ ಕೆಲಸವನ್ನು ಇದು ಹೋಲುತ್ತದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ, ಅರೆಯುವುದಕ್ಕೆ ತಡವಾದ ಕಬ್ಬಿನ ರಸವನ್ನು ಲೋಳೆಯಾಗಿಸಿ ಸಕ್ಕರೆ ಕಾರ್ಖಾನೆಗಳಿಗೆ ತಲೆನೋವಾಗುವುದೂ ಇದೇ ಜಾತಿ. ಬಾಟಲಿಯ ಕುತ್ತಿಗೆಯ ಒಳಗೆ ಒಣಗಿದ ಹಳೆಯ ಕಲೆ ಇತ್ತು. ಅದನ್ನು ಬ್ರಷ್ಷಿನಿಂದ ಉಜ್ಜಿ, ಕುದಿನೀರಿನಲ್ಲಿ ತೊಳೆಯುವುದರ ಆಚೆ ಇದಕ್ಕೆ ಬೇರೆ ಉಪಾಯ ಬೇಕಾಗಲಿಲ್ಲ. ಬೆಲ್ಲವನ್ನು ಬೆಳ್ಳಗಾಗಿಸಲು ಬಳಸುವ ಹೈಡ್ರೋಸ್ ಯೀಸ್ಟಿಗೆ ತಡೆಯೊಡ್ಡುತ್ತದೆ, ನಲ್ಲಿ ನೀರಿನ ಕ್ಲೋರಿನ್ ಔಷಧದ ವಾಸನೆ ತರುತ್ತದೆ ಎಂಬ ಎರಡು ಸಾಧ್ಯತೆಗಳನ್ನೂ ನೋಡಿದ್ದುಂಟು. ಬೆಲ್ಲ ಹೈಡ್ರೋಸ್ ಹಾಕದ ಕಪ್ಪು ಬೆಲ್ಲವಾಗಿದ್ದು, ನೀರನ್ನು ಕುದಿಸಿಯೇ ಬಳಸಿದ್ದರಿಂದ ಅವನ್ನು ಅಲ್ಲಿಗೇ ಬಿಟ್ಟೆವು.

ಎರಡು ವಿಧಾನಗಳ ಬೆರಕೆ

ಪಾಕ ಸಮನಾಗಿ ಬೆರೆತು, ವಾಷರ್‌ಗಳೆಲ್ಲ ಹೊಸದಾಗಿದ್ದರೆ ಈ ತಯಾರಿಕೆ ಸುರಕ್ಷಿತವಾಗುತ್ತಿತ್ತೇ? ಇಲ್ಲ ಎಂಬುದೇ ಈ ಪರಿಶೀಲನೆಯಲ್ಲಿ ನನಗೆ ದೊರೆತ ಮುಖ್ಯ ಉತ್ತರ. ಆಗ ಒಂದು ಬಾಟಲಿ ಸಿಡಿಯುವ ಬದಲು ಗಾಜಿನ ಆರೂ ಬಾಟಲಿಗಳು ತಡವಾಗಿ ಸಿಡಿಯುತ್ತಿದ್ದವು.

ಬಾರ್ಲಿ ಬಿಯರ್ ಮಾಡುವವರು ಹುದುಗುವಿಕೆ ಪೂರ್ತಿ ಮುಗಿಯುವವರೆಗೆ, ಅಂದರೆ ಎರಡು ಮೂರು ದಿನ ಹೈಡ್ರೋಮೀಟರಿನ ಓದು ಕದಲದೆ ನಿಲ್ಲುವವರೆಗೆ ಕಾಯುತ್ತಾರೆ. ಆಗ ಯೀಸ್ಟ್ ತಿನ್ನಬಲ್ಲ ಸಕ್ಕರೆ ಉಳಿದಿರುವುದಿಲ್ಲವಾದ್ದರಿಂದ, ಲೀಟರಿಗೆ ಆರೇಳು ಗ್ರಾಂ ಸಕ್ಕರೆಯನ್ನು ಅಳೆದು ಸೇರಿಸಿದರೆ ಅಷ್ಟಕ್ಕೆ ತಕ್ಕ ಗ್ಯಾಸ್ ಮಾತ್ರ ಹುಟ್ಟಿ ಅಲ್ಲಿಗೇ ನಿಲ್ಲುತ್ತದೆ. ಮನೆಯ ಶುಂಠಿ ಬಿಯರಿನ ದಾರಿ ಬೇರೆ. ಅದು ಸಿಹಿಯಾಗಿರಬೇಕೆಂದೇ ಹುದುಗುವಿಕೆ ಅರ್ಧದಲ್ಲಿರುವಾಗಲೇ ಬಾಟಲಿಗೆ ತುಂಬುತ್ತಾರೆ. ಹೊಸ ಸಕ್ಕರೆಯನ್ನು ಸೇರಿಸುವುದಿಲ್ಲ, ಉಳಿದ ಸಕ್ಕರೆಯೇ ಗ್ಯಾಸ್ ಕೊಡುತ್ತದೆ, ಮತ್ತು ಅದನ್ನು ನಿಲ್ಲಿಸಲು ಫ್ರಿಜ್‌ನ ತಣುವಲ್ಲದೆ ಬೇರೆ ತಡೆ ಇಲ್ಲ. ಮೊದಲನೆಯ ವಿಧಾನದಲ್ಲಿ ಸಕ್ಕರೆಯ ಅಳತೆ ಕಾಯುತ್ತದೆ, ಎರಡನೆಯದರಲ್ಲಿ ತಣುವು ಕಾಯುತ್ತದೆ. ಚಿಕ್ಕಮ್ಮನ ಡ್ರಮ್ಮಿನಲ್ಲಿ ಅರ್ಧ ಹುದುಗಿದ ಸಿಹಿ ಪಾನೀಯಕ್ಕೆ ಬಿಯರಿನವರ ಪಾಕ ಸೇರಿ, ಬಾಟಲಿಗಳು ಬಿಯರಿನ ಬಾಟಲಿಗಳಂತೆ ಉಗ್ರಾಣಕ್ಕೆ ಹೋದವು. ಎರಡೂ ಕಾವಲುಗಳು ತಪ್ಪಿಹೋದವು. ಮಗ ಹೇಳಿದ ನಿಯಮಗಳಲ್ಲಿ ಒಂದೂ ತಪ್ಪಾಗಿರಲಿಲ್ಲ, ಅವು ಬೇರೊಂದು ಪಾನೀಯಕ್ಕೆ ಸೇರಿದವುಗಳಾಗಿದ್ದವು.

ಇದೇ ಅಂಕಿಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತಿದ್ದವು, ಅದನ್ನು ಚಿಕ್ಕಮ್ಮನಿಗೆ ಹೇಳುವುದು ನನಗೆ ಸುಲಭವಾಗಲಿಲ್ಲ. 1.027ರಿಂದ 1.014ಕ್ಕೆ ಇಳಿದ ಹದಿಮೂರು ಅಂಕಗಳ ಲೆಕ್ಕದಲ್ಲಿ ಬಾಟಲಿಗೆ ತುಂಬುವ ಮೊದಲೇ ಅದರಲ್ಲಿ ಶೇಕಡ 1.7ರಷ್ಟು ಆಲ್ಕೋಹಾಲ್ ಇತ್ತು. ತುಂಬಿದ ಮೇಲೆ ಅದು ಎರಡನ್ನು ದಾಟಿತ್ತು. ಶೇಕಡ 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದನ್ನು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳು ಮದ್ಯವೆಂದೇ ಎಣಿಸುತ್ತವೆ, ಮತ್ತು ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಮುಂದೊಂದು ದಿನ ಬಾರ್ಲಿ ತಂದು ಮನೆಯಲ್ಲೇ ಬಿಯರ್ ಮಾಡುವ ಮಗನ ಯೋಜನೆಗೂ ಇದೇ ಕಾಯ್ದೆ ಅಡ್ಡ ಬರುತ್ತದೆ. ಚಿಕ್ಕಮ್ಮನನ್ನು ಕಾಡಿದ್ದು ಕಾಯ್ದೆಗಿಂತ ಬೇರೆಯದು. "ಹೋದ ಸಲ ಮಾಡಿದ್ದನ್ನ ಪುಟ್ಟುಗೆ ಒಂದೊಂದು ಲೋಟ ಕೊಟ್ಟಿದ್ದೀನಲ್ಲೋ" ಎಂದು ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಪುಟ್ಟು ಅವರ ಒಂಬತ್ತು ವರ್ಷದ ಮೊಮ್ಮಗ. ಉಳಿದ ಬಾಟಲಿಗಳನ್ನೆಲ್ಲ ತಂಪು ಮಾಡಿ, ಒಂದೊಂದಾಗಿ ತೆರೆದು, ಹಿತ್ತಲ ಬಚ್ಚಲಿಗೆ ಸುರಿದೆವು.

ಮರುಪ್ರಯೋಗ

ಮುಂದಿನ ಭಾನುವಾರ ಅದೇ ಅಳತೆಯಲ್ಲಿ ಮತ್ತೊಮ್ಮೆ ಮಾಡಿದೆವು. ಗ್ಯಾಸ್ ಇರಬೇಕು, ಆದರೆ ಆಲ್ಕೋಹಾಲ್ ಶೇಕಡ 0.5ರ ಆಸುಪಾಸಿನಲ್ಲೇ ನಿಲ್ಲುವಂತೆ ಆರಂಭದಿಂದ ಕೊನೆಯವರೆಗಿನ ಒಟ್ಟು ಇಳಿತ ನಾಲ್ಕು ಅಂಕ ದಾಟಬಾರದು ಎಂಬುದು ಗುರಿ. ಗುಳ್ಳೆ ಬರುವಷ್ಟು ಅನಿಲ ಹುಟ್ಟುವುದಕ್ಕೇ ಮೂರು ನಾಲ್ಕು ಅಂಕ ಬೇಕಾದ್ದರಿಂದ, ತೆರೆದ ಡ್ರಮ್ಮಿನಲ್ಲಿ ದಿನಗಟ್ಟಲೆ ಬಿಟ್ಟು ಆ ಅನಿಲವನ್ನು ಗಾಳಿಗೆ ಕಳೆದುಕೊಳ್ಳುವಂತಿರಲಿಲ್ಲ. ಹೆಪ್ಪು ಬೆರೆಸಿದ್ದು ಸಂಜೆ ಐದು ಗಂಟೆಗೆ. ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಓದು 1.027ರಿಂದ 1.026ಕ್ಕೆ ಇಳಿದಾಗ, ತಳದಿಂದ ಒಮ್ಮೆ ನಿಧಾನವಾಗಿ ಕಲಕಿ, ಪಾಕವಿಲ್ಲದೆ, ಎಲ್ಲವನ್ನೂ ಸೋಡಾದ ಪ್ಲಾಸ್ಟಿಕ್ ಬಾಟಲಿಗಳಿಗೇ ತುಂಬಿದೆವು. ಪ್ಲಾಸ್ಟಿಕ್ಕಿನ ದೊಡ್ಡ ಅನುಕೂಲವೆಂದರೆ ಬೆರಳಿನಿಂದ ಒತ್ತಿ ಒಳಗಿನ ಒತ್ತಡವನ್ನು ಅರಿಯಬಹುದು. ಚಿಕ್ಕಮ್ಮ ಅಂಗಡಿಯಿಂದ ತಂದ ತೆರೆಯದ ಸೋಡಾ ಬಾಟಲಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಗಂಟೆಗೊಮ್ಮೆ ಎರಡನ್ನೂ ಒತ್ತಿ ಹೋಲಿಸಿ ನೋಡುತ್ತಿದ್ದರು. ರಾತ್ರಿ ಹನ್ನೊಂದರ ಸುಮಾರಿಗೆ ಎರಡರ ಬಿಗಿಯೂ ಒಂದೇ ಸಮವಾಯಿತೆಂದು ಫೋನ್ ಮಾಡಿ, ಹನ್ನೆರಡು ಬಾಟಲಿಗಳನ್ನೂ ಫ್ರಿಜ್‌ಗೆ ಸೇರಿಸಿದರು. ಅದಕ್ಕಾಗಿ ತರಕಾರಿಯನ್ನೆಲ್ಲ ಹೊರಗಿಡಬೇಕಾಯಿತು.

ಮೂರನೆಯ ದಿನ ತೆರೆದ ಮೊದಲ ಬಾಟಲಿಯ ಓದು 1.023 ಮತ್ತು 1.024ರ ನಡುವೆ ಇತ್ತು. ಆಲ್ಕೋಹಾಲಿನ ಲೆಕ್ಕದಲ್ಲಿ ಇದು ಶೇಕಡ 0.5ರ ಒಳಗೇ ಬರುತ್ತದೆ. ಆದರೆ ಹೈಡ್ರೋಮೀಟರಿನ ಓದಿನಲ್ಲೇ ಒಂದು ಅಂಕದಷ್ಟು ಸಂದೇಹ ಇರುವುದರಿಂದ, ಅದನ್ನು ಮಕ್ಕಳಿಗೂ ಗರ್ಭಿಣಿಯರಿಗೂ ಮದ್ಯ ಮುಟ್ಟದವರಿಗೂ ಕೊಡಬಾರದೆಂದು ನಾನು ಹೇಳಿದೆ. ಪುಟ್ಟುವಿಗೆಂದು ಚಿಕ್ಕಮ್ಮ ಹೆಪ್ಪಿಲ್ಲದ ಶುಂಠಿ ಪಾಕವನ್ನು ಅಂಗಡಿಯ ಸೋಡಾಕ್ಕೆ ಬೆರೆಸಿ ಬೇರೆಯಾಗಿ ಮಾಡಿಟ್ಟರು. ಒಂಬತ್ತನೆಯ ದಿನ ಕೊನೆಯ ಬಾಟಲಿಯ ಮಾದರಿಯನ್ನು ಎರಡು ಲೋಟಗಳ ನಡುವೆ ಸುರಿದು ಆರಿಸಿ ಅಳೆದಾಗ ಓದು 1.023. ಮೊದಲ ಬಾಟಲಿಯನ್ನೂ ಇದನ್ನೂ ಕುಡಿದವರಿಗೆ ಗುಳ್ಳೆಯಲ್ಲಾಗಲಿ ಸಿಹಿಯಲ್ಲಾಗಲಿ ವ್ಯತ್ಯಾಸ ತಿಳಿಯಲಿಲ್ಲ.